ಚಿಕ್ಕ ಟ್ಯಾಂಕು, ಉದ್ದ ಹಾದಿ

(ಬಾನುಲಿ ಭಾಷಣ)

ಕೈಯಲ್ಲಿರುವ ಪಾತ್ರೆ ಚಿಕ್ಕದಾದರೆ, ಹಾದಿಯ ಲೆಕ್ಕ ಮನೆಯ ಹೊಸ್ತಿಲಲ್ಲೇ ಆರಂಭವಾಗುತ್ತದೆ. ಹಿಂದೆ ಕಾಲ್ನಡಿಗೆಯಲ್ಲಿ ಹೊರಟವರು ತಂಬಿಗೆಯ ನೀರು ಎಲ್ಲಿಯವರೆಗೆ ಬಂದೀತು, ಬುತ್ತಿಯ ಗಂಟನ್ನು ಯಾವ ಮರದಡಿ ಬಿಚ್ಚಬೇಕು ಎಂದು ಮೊದಲೇ ಎಣಿಸಿಕೊಳ್ಳುತ್ತಿದ್ದರು. ಇಂದು ನಾನು ಹೇಳಹೊರಟಿರುವುದೂ ಅಂಥದೇ ಒಂದು ಪಾತ್ರೆಯ ವಿಷಯ. ಅದು ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕು. ಮೂವತ್ತಕ್ಕೂ ಮಿಕ್ಕಿ ವರ್ಷ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿದವನಿಗೆ ಇದೇನು ವಿಷಯವೆಂದು ಕೆಲವರಿಗಾದರೂ ಅನ್ನಿಸೀತು. ಆದರೆ ಛಂದಸ್ಸಿಗೂ ಟ್ಯಾಂಕಿಗೂ ನಂಟಿಲ್ಲದೆ ಇಲ್ಲ. ಎರಡರಲ್ಲಿಯೂ ಎಣಿಕೆ ಮುಖ್ಯ, ನಿಲುಗಡೆಯ ಸ್ಥಾನ ಮುಖ್ಯ. ಕನ್ನಡ ಕಾವ್ಯದಲ್ಲಿ ಯತಿಯನ್ನು ಮೀರಿ ಮುಂದುವರಿಯುವ ಸಂಪ್ರದಾಯವುಂಟು. ಪೆಟ್ರೋಲು ಅಷ್ಟು ಉದಾರಿಯಲ್ಲ.

ನನ್ನ ಬಳಿಯಿರುವುದು ಕ್ರೂಸರ್ ಎಂಬ ಜಾತಿಯ ಬಂಡಿ. ಆಸನ ನೆಲಕ್ಕೆ ಹತ್ತಿರ, ಹ್ಯಾಂಡಲ್ ಅಗಲ. ಕಾಲುಗಳನ್ನು ಮುಂದಕ್ಕೆ ಚಾಚಿ, ಒರಗುಕುರ್ಚಿಯಲ್ಲಿ ಕುಳಿತವರಂತೆ ಕೂರಬೇಕು. ಇಂಜಿನ್ 1200 ಸಿಸಿಯದು, ತೂಕ 250 ಕಿಲೋಗ್ರಾಮಿನ ಆಸುಪಾಸು. ಇಷ್ಟು ದೊಡ್ಡ ದೇಹಕ್ಕೆ ಇರುವ ಹೊಟ್ಟೆ ಮಾತ್ರ 8 ಲೀಟರಿಗೂ ತುಸು ಕಡಿಮೆ. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕೊಂಡದ್ದು ಇದು. ಉದ್ಯೋಗದ ಮೇಲೆ ಹೊರದೇಶಕ್ಕೆ ಹೋಗುವಾಗ, “ದೊಡ್ಡಪ್ಪ, ನಿಲ್ಲಿಸಿಬಿಟ್ಟರೆ ತುಕ್ಕು ಹಿಡಿಯುತ್ತೆ, ನೀವೇ ಓಡಿಸಿ” ಎಂದು ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಬಿಟ್ಟುಹೋದ. ಅದರ ಹೆಸರನ್ನು ಹೇಳುವುದಿಲ್ಲ. ಬಾನುಲಿಯ ಮಾತಿನಲ್ಲಿ ವ್ಯಾಪಾರದ ಮುದ್ರೆಗಳಿಗೆ ಎಡೆಯಿಲ್ಲ. ಇತಿಹಾಸದ ಮಾತು ಬಂದಾಗ ಮಾತ್ರ ಒಂದೆರಡು ಹೆಸರುಗಳು ಅನಿವಾರ್ಯ.

ಈ ಸೀಮೆಯವರಿಗೆ ಮೋಟಾರ್‌ಸೈಕಲ್ಲು ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. 1973ರಿಂದ ಅಲ್ಲಿಯ ಬಂಡಿಗಳು ಯೆಜ್ದಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಅಧ್ಯಾಪಕನಾಗಿ ಸೇರಿದ ಕಾಲಕ್ಕೆ ಕೈ ಬದಲಾದ ಒಂದು ಜಾವಾ ಕೊಂಡಿದ್ದೆ. ಅದರಲ್ಲಿ ಒದ್ದು ಚಾಲನೆ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಪೆಟ್ರೋಲಿಗೆ ಅಳತೆ ಪ್ರಕಾರ ಎಣ್ಣೆ ಬೆರೆಸಬೇಕು. ಟ್ಯಾಂಕಿನ ಅಡಿಯಲ್ಲಿ ಒಂದು ನಲ್ಲಿ. ಓಡುತ್ತಿದ್ದಂತೆ ಇಂಜಿನ್ನು ಮುಗ್ಗರಿಸಿದರೆ, ಮೊಣಕಾಲ ಪಕ್ಕಕ್ಕೆ ಕೈ ಇಳಿಸಿ ಆ ನಲ್ಲಿಯನ್ನು ರಿಸರ್ವಿಗೆ ತಿರುಗಿಸಿದರಾಯಿತು. ಇನ್ನಷ್ಟು ಹಾದಿ ಉಳಿದಿದೆ ಎಂಬ ಭರವಸೆ ಬೆರಳ ತುದಿಗೆ ಸಿಗುತ್ತಿತ್ತು. ಈಗಿನ ಬಂಡಿಗಳಲ್ಲಿ ಆ ನಲ್ಲಿಯಿಲ್ಲ. ಅದರ ಬದಲು ಒಂದು ಹಳದಿ ದೀಪವಿದೆ. ನಲ್ಲಿ ಸವಾರನ ಕೈಯಲ್ಲಿತ್ತು; ದೀಪ ಅವನನ್ನು ನೋಡುತ್ತ ಕೂರುತ್ತದೆ.

ಕ್ರೂಸರಿನ ಟ್ಯಾಂಕು ಇಷ್ಟು ಚಿಕ್ಕದಾದದ್ದಕ್ಕೆ ಒಂದು ಕತೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ, ಅಲ್ಲಿಯ ಡಿಕೆಡಬ್ಲ್ಯೂ ಕಂಪನಿಯ 125 ಸಿಸಿ ಬಂಡಿಯ ನಕ್ಷೆಗಳು ಯುದ್ಧ ಪರಿಹಾರದ ಲೆಕ್ಕದಲ್ಲಿ ಗೆದ್ದವರ ಪಾಲಾದವು. ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಂಪನಿ ಅದನ್ನು ಅನುಸರಿಸಿ ಒಂದು ಸಣ್ಣ ಬಂಡಿಯನ್ನು ಹೊರತಂದಿತು. ಸಣ್ಣ ಬಂಡಿಗೆ ತಕ್ಕ ಸಣ್ಣ ಟ್ಯಾಂಕು. 1958ರಲ್ಲಿ ತನ್ನ ದೊಡ್ಡ ಇಂಜಿನ್ನಿನ ಸ್ಪೋರ್ಟ್‌ಸ್ಟರ್ ಬಂಡಿಯನ್ನು ಪಂದ್ಯಗಳಿಗೆ ಒಗ್ಗುವಂತೆ ಹಗುರಗೊಳಿಸುವಾಗ ಅದೇ ಟ್ಯಾಂಕನ್ನು ಅದರ ಮೇಲೆ ಕೂರಿಸಿತು. ಆಕಾರ ನೋಡಿ ಜನ ಅದನ್ನು ಕಡಲೆಕಾಯಿ ಟ್ಯಾಂಕು ಎಂದು ಕರೆದರು. ಪಂದ್ಯದ ಬಂಡಿ ದೂರ ಹೋಗಬೇಕಾಗಿರಲಿಲ್ಲ, ಬೇಗ ಹೋಗಬೇಕಾಗಿತ್ತು. ಆದರೆ ನೋಡುವ ಕಣ್ಣಿಗೆ ಆ ರೂಪ ಹಿಡಿಸಿತು. ಬರಿಯ ಇಂಜಿನ್ನು, ಅದರ ಮೇಲೊಂದು ಕಡಲೆಕಾಯಿ. ಅಂದಿನ ಪಂದ್ಯದ ಉಪಾಯ ಮುಂದೆ ಊರೂರು ಸುತ್ತುವವರ ಅಲಂಕಾರವಾಯಿತು. ಕಾವ್ಯದಲ್ಲಿಯೂ ಹೀಗಾಗುವುದುಂಟು. ಒಂದು ಕಾಲದ ಅಗತ್ಯ ಇನ್ನೊಂದು ಕಾಲಕ್ಕೆ ಶೈಲಿಯಾಗಿ ಬರುತ್ತದೆ, ಅದರ ಕಷ್ಟವನ್ನು ಓದುವವನು ಪಡುತ್ತಾನೆ.

ಇನ್ನು ಲೆಕ್ಕ. ನನ್ನ ಬಂಡಿ ಲೀಟರಿಗೆ ಸುಮಾರು 20 ಕಿಲೋಮೀಟರು ಓಡುತ್ತದೆ. ಟ್ಯಾಂಕು ತುಂಬಿ ಹೊರಟರೆ 100 ಕಿಲೋಮೀಟರಿನ ಹೊತ್ತಿಗೆ ಹಳದಿ ದೀಪ ಹತ್ತುತ್ತದೆ. ಬರಿದಾಗುವವರೆಗೆ ಓಡಿಸಿದರೆ 150. ಇದನ್ನು ನಮ್ಮ ಹಳೆಯ ಅಳತೆಗೆ ಇಳಿಸಿ ನೋಡಿದೆ. ಮೂರು ಮೈಲಿಗೆ ಒಂದು ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ. 100 ಕಿಲೋಮೀಟರೆಂದರೆ ಇಪ್ಪತ್ತು ಹರದಾರಿ, ಐದು ಗಾವುದ. ಎತ್ತಿನ ಗಾಡಿಗೆ ಒಂದು ಗಾವುದ ಒಂದು ದಿನದ ಹಾದಿ ಎಂದಿಟ್ಟುಕೊಂಡರೆ, ನನ್ನ ಎಂಟು ಲೀಟರು ಐದು ದಿನದ ಗಾಡಿಪಯಣ. ಹೀಗೆ ನೋಡಿದರೆ ಕಡಿಮೆಯೇನಲ್ಲ. ಬೆಂಗಳೂರಿನಿಂದ ಗೋವೆಗೆ ಹೊರಟವನಿಗೆ ಮಾತ್ರ ಅದು ಅಂಗೈ ನೀರು.

ನನ್ನ ಹಾದಿ ಗೋವೆಯದಲ್ಲ. ತಿಂಗಳಿಗೊಮ್ಮೆ ನಾನು ಹಾಕುವ ಸುತ್ತು ಇದು: ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಚಿನಕುರಳಿಯ ಕಡೆಯಿಂದ ಕೃಷ್ಣರಾಜಪೇಟೆ, ಅಲ್ಲಿಂದ ಪೂರ್ವಕ್ಕೆ ತಿರುಗಿ ನಾಗಮಂಗಲ, ಮತ್ತೆ ಪಾಂಡವಪುರದ ಮೇಲೆ ಮನೆಗೆ. ಎಲ್ಲ ಸೇರಿ 130 ಕಿಲೋಮೀಟರಿಗೂ ಮೇಲೆ. ದೊಡ್ಡ ಟ್ಯಾಂಕಿನವನಿಗೆ ಇದು ಬೆಳಗಿನ ಗಾಳಿಸೇವನೆ. ನನಗೆ ಒಂದು ಟ್ಯಾಂಕಿನ ಗಡಿಯನ್ನು ದಾಟಿದ ಪ್ರಯಾಣ. ಸುತ್ತಿನಲ್ಲಿ ಎಲ್ಲಿಯಾದರೂ ಒಂದು ಕಡೆ ಬಂಕಿಗೆ ಹೋಗಲೇಬೇಕು. ನಾಗಮಂಗಲದ ಆಚೆಯ ಒಂದು ಹಳ್ಳಿಯಲ್ಲಿ ನನ್ನ ಗೆಳೆಯರೊಬ್ಬರಿದ್ದರು. ಒಂದೇ ಕಾಲೇಜಿನಲ್ಲಿ ಹದಿನೆಂಟು ವರ್ಷ ನಾನು ಕನ್ನಡವನ್ನೂ ಅವರು ಇತಿಹಾಸವನ್ನೂ ಹೇಳಿದೆವು. ನಿವೃತ್ತಿಯ ಬಳಿಕ ಅವರು ತಮ್ಮ ಹೊಲಕ್ಕೆ ಮರಳಿದರು, ನಾನು ಕಾವೇರಿಯ ದಡಕ್ಕೆ ಬಂದೆ. ಈ ಸುತ್ತಿನ ನೆಪ ಮೊದಲಿಗೆ ಅವರೇ.

ನಾಗಮಂಗಲದ ಹಾದಿಯಲ್ಲಿ ಹೋಗುವಾಗ ಒಂದು ನುಡಿ ನನ್ನನ್ನು ಬಿಡದೆ ಹಿಂಬಾಲಿಸುತ್ತದೆ. ನಾವು ಕೆರೆ ಎನ್ನುವುದನ್ನು ಇಂಗ್ಲಿಷರು ಟ್ಯಾಂಕ್ ಎಂದರು. ಆ ಮಾತು ಅವರ ಸ್ವಂತದ್ದೂ ಅಲ್ಲ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗಿರುವ ಹೆಸರು, ಪೋರ್ಚುಗೀಸರ ತಾಂಕೆ, ಇವು ಬೆರೆತು ಅದು ಹುಟ್ಟಿತೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ನೆಲದಿಂದ ಹೊರಟ ಮಾತು ಲೋಕವನ್ನು ಸುತ್ತಿ, ಪೆಟ್ರೋಲು ತುಂಬಿಕೊಂಡು, ನನ್ನ ಮೊಣಕಾಲುಗಳ ನಡುವೆ ಬಂದು ಕೂತಿದೆ. ಪಾಂಡವಪುರದ ಬಳಿ ತೊಣ್ಣೂರಿನಲ್ಲಿ ಬೆಟ್ಟಗಳ ನಡುವೆ ಕಟ್ಟಿದ ದೊಡ್ಡ ಕೆರೆಯಿದೆ. ಅದನ್ನು ಕಟ್ಟಿಸಿದವರು ರಾಮಾನುಜಾಚಾರ್ಯರೆಂದು ಪ್ರತೀತಿ. ತಿಳಿನೀರನ್ನು ಕಂಡು ಬೆರಗಾದ ಮುಸಲ್ಮಾನ ಅಧಿಪತಿಯೊಬ್ಬ ಇಟ್ಟ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರೂ ಅದಕ್ಕುಂಟು. ಆದರೆ ಈ ಸೀಮೆಯನ್ನು ಸಾಕಿದ್ದು ಅಂಥ ದೊಡ್ಡ ಕೆರೆಗಳಷ್ಟೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ನಾಲೆಗಳಿವೆ. ಲೋಕಪಾವನಿಯ ಹರಿವಿಗೆ ಎದುರಾಗಿ ನಾಗಮಂಗಲದತ್ತ ಹೋದಂತೆ ನೆಲ ಒಣಗುತ್ತದೆ, ಹಸಿರು ತೆಳುವಾಗುತ್ತದೆ. ಅಲ್ಲಿ ಬದುಕು ನಡೆದದ್ದು ಸಣ್ಣ ಸಣ್ಣ ಕೆರೆಗಳಿಂದ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಯಾವ ಕೆರೆಯೂ ತನ್ನೊಳಗೆ ಎಲ್ಲವನ್ನೂ ಹಿಡಿದಿಡಲು ಕಟ್ಟಿದ್ದಲ್ಲ. ಅದರ ಮೇಲೊಂದು ಇದೆ, ಕೆಳಗೊಂದು ಇದೆ ಎಂಬ ನಂಬಿಕೆಯ ಮೇಲೆ ಅದು ಚಿಕ್ಕದಾಗಿ ಉಳಿಯಿತು.

ಹಾದಿಗಳೂ ಹಾಗೆಯೇ ಇದ್ದವು. 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ದಿನಕ್ಕಿಷ್ಟು ಹಾದಿಯೆಂದು ನಡೆದು, ತಂಗಿದಲ್ಲೆಲ್ಲ ನೆಲ, ಬೆಳೆ, ನೀರುಗಳನ್ನು ವಿಚಾರಿಸಿ ಬರೆದ. ಬೇಗ ಸಾಗಿದ್ದರೆ ಅವನಿಗೆ ಅಷ್ಟು ತಿಳಿಯುತ್ತಿರಲಿಲ್ಲ. ಗುಂಡುತೋಪು, ಅರವಟ್ಟಿಗೆ, ಮಂಟಪ, ತಲೆಹೊರೆಯನ್ನು ಯಾರ ನೆರವೂ ಇಲ್ಲದೆ ಇಳಿಸಲು ಎದೆಮಟ್ಟಕ್ಕೆ ನಿಲ್ಲಿಸಿದ ಕಲ್ಲುಚಪ್ಪಡಿ, ಇವೆಲ್ಲ ಮನುಷ್ಯನಿಗೆ ಎಷ್ಟು ದೂರಕ್ಕೆ ದಣಿವಾಗುತ್ತದೆ ಎಂಬುದನ್ನು ಬಲ್ಲವರು ಮಾಡಿದ ಏರ್ಪಾಡುಗಳು. ಕೆರೆ ಕಟ್ಟಿಸುವುದು, ಅರವಟ್ಟಿಗೆ ಇಡಿಸುವುದು ಧರ್ಮಕಾರ್ಯವೆನ್ನಿಸಿದ್ದು ಅದಕ್ಕೇ.

ನನ್ನ ಟ್ಯಾಂಕು ನನ್ನನ್ನು ನಿಲ್ಲಿಸಿದ ಊರುಗಳ ಬಗ್ಗೆ ಎರಡು ಮಾತು ಹೇಳಬೇಕು. ಮೂರು ದಶಕ ನಾನು ತರಗತಿಯಲ್ಲಿ ಹೆಸರಿಸಿದ ಲೇಖಕರು ಈ ಸುತ್ತಿನ ಆಚೀಚೆಯೇ ಇದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಾವತಿ ದಡದ ಅಕ್ಕಿಹೆಬ್ಬಾಳು ಎ. ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ ಊರು. ಅದೇ ತಾಲ್ಲೂಕಿನ ಕಿಕ್ಕೇರಿ, ‘ಮೈಸೂರು ಮಲ್ಲಿಗೆ’ಯ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ನಾಗಮಂಗಲದ ಹಾದಿಯಲ್ಲಿ ಜಕ್ಕನಹಳ್ಳಿಯ ಬಳಿ ಹೊರಳಿದರೆ ಮೇಲುಕೋಟೆ, ಅದು ಪು. ತಿ. ನರಸಿಂಹಾಚಾರ್ಯರದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು. ಜನಪದ ಸಾಹಿತ್ಯಕ್ಕೆ ಬಾಳು ಸವೆಸಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್. ಎಲ್. ನಾಗೇಗೌಡರ ಹೆರಗನಹಳ್ಳಿಯೂ ಅದೇ ತಾಲ್ಲೂಕಿನದು. ಒಂದು ಟ್ಯಾಂಕು ಪೆಟ್ರೋಲಿನ ಆಜುಬಾಜಿನಲ್ಲಿ ನವೋದಯದ ಅರ್ಧ ಅಧ್ಯಾಯವಿದೆ ಎಂದರೆ ಹೆಚ್ಚಿನ ಮಾತಾಗದು. ತರಗತಿಯಲ್ಲಿ ಈ ಊರುಗಳು ಕವಿಪರಿಚಯದ ಮೊದಲ ಸಾಲುಗಳಾಗಿದ್ದವು. ಅಲ್ಲಿಯ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಕಾಫಿ ತಣ್ಣಗಾಗುವವರೆಗೆ ಬೀದಿ ನೋಡಿದ ಮೇಲೆಯೇ ಅವು ನನಗೆ ಊರುಗಳಾದದ್ದು. ಕೃಷ್ಣರಾಜಪೇಟೆಗೆ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಜಗತಿಯ ಮೇಲಿನ ಕಥಾಪಟ್ಟಿಕೆಯನ್ನು ನಾನು ಪೂರ್ತಿ ಸುತ್ತಿದ್ದು, ಪೇಟೆಯಲ್ಲಿ ಪೆಟ್ರೋಲು ಹಾಕಿಸುವ ನೆಪದಲ್ಲಿ.

ಹೀಗೆಂದ ಮಾತ್ರಕ್ಕೆ ಚಿಕ್ಕ ಟ್ಯಾಂಕಿನೊಂದಿಗೆ ಬಾಳುವುದು ಬರಿಯ ರಸಿಕತೆಯಲ್ಲ, ಅದಕ್ಕೆ ಶಿಸ್ತು ಬೇಕು. ಅನುಭವದಿಂದ ಕಂಡುಕೊಂಡ ಕೆಲವು ನಿಯಮಗಳನ್ನು ಹೇಳುತ್ತೇನೆ. ಪ್ರತಿ ಸಲ ತುಂಬಿಸಿದಾಗಲೂ ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು. ಮುಳ್ಳನ್ನೋ ದೀಪವನ್ನೋ ನಂಬುವುದಕ್ಕಿಂತ ಓಡಿದ ದೂರವನ್ನು ನಂಬುವುದು ಲೇಸು. ದೀಪ ಹತ್ತಿದ ಮೇಲೆ ಬಂಕು ಹುಡುಕುವುದಲ್ಲ, ಅರ್ಧ ಖಾಲಿಯಾದಾಗ ಪರಿಚಿತ ಬಂಕು ಎದುರಾದರೆ ಅಲ್ಲಿಯೇ ತುಂಬಿಸಬೇಕು. ವೇಗವನ್ನು 60, 70 ಕಿಲೋಮೀಟರಿನೊಳಗೆ ಇಡಬೇಕು. ವೇಗ ಹೆಚ್ಚಿದಷ್ಟೂ ಎದುರುಗಾಳಿಯನ್ನು ತಳ್ಳುವುದಕ್ಕೇ ಪೆಟ್ರೋಲು ಸುಡುತ್ತದೆ, ಅದರಲ್ಲೂ ಎದೆಗೊಟ್ಟು ಕೂರುವ ಕ್ರೂಸರಿನಲ್ಲಿ. ಟ್ಯಾಂಕನ್ನು ಪೂರ್ತಿ ಬತ್ತಿಸಬಾರದು. ಈಗಿನ ಬಂಡಿಗಳಲ್ಲಿ ಪೆಟ್ರೋಲನ್ನು ಮೇಲೆತ್ತುವ ಪಂಪು ಟ್ಯಾಂಕಿನೊಳಗೇ ಇದ್ದು, ಸುತ್ತಲಿನ ಪೆಟ್ರೋಲಿನಿಂದಲೇ ತಂಪಾಗುತ್ತದೆ. ಬಾಯಿಮಟ್ಟ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಲೂ ಬಾರದು, ಕಾದ ಪೆಟ್ರೋಲು ಹಿಗ್ಗುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲು ತುಂಬಿ ಚೀಲದಲ್ಲಿಟ್ಟುಕೊಂಡು ಹೋಗುವುದು ಎಂದಿಗೂ ಸಲ್ಲದು. ಬೆಂಕಿಯನ್ನು ಬೆನ್ನಿಗೆ ಕಟ್ಟಿಕೊಂಡಂತೆ.

ಟ್ಯಾಂಕಿನ ನಿಯಮವೂ ದೇಹದ ನಿಯಮವೂ ಒಂದೇ ಆಗಿರುವುದನ್ನು ಕಂಡು ನನಗೆ ಸೋಜಿಗವಾಗಿದೆ. ಕಾಲು ಮುಂದೆ ಚಾಚಿ ಕೂತಾಗ ಮೈಭಾರವೆಲ್ಲ ಬೆನ್ನೆಲುಬಿನ ತುದಿಗೆ ಬೀಳುತ್ತದೆ. ರಸ್ತೆಯ ಹಳ್ಳದ ಪೆಟ್ಟನ್ನು ಕಾಲು ತಡೆಯುವುದಿಲ್ಲ, ನಡು ತಡೆಯುತ್ತದೆ. ಅರುವತ್ತು ದಾಟಿದ ನಡು ಒಂದೂವರೆ ಗಂಟೆಗೆ ತನ್ನ ಹಳದಿ ದೀಪವನ್ನು ಹತ್ತಿಸುತ್ತದೆ. ಬಂಡಿಯ ದೀಪವೂ ಹೆಚ್ಚುಕಡಿಮೆ ಆ ಹೊತ್ತಿಗೇ. ಟ್ಯಾಂಕು ದೊಡ್ಡದಿದ್ದರೆ ನಾನು ನಡುವಿನ ಮಾತನ್ನು ಕೇಳದೆ ಮುಂದೆ ಹೋಗುತ್ತಿದ್ದೆನೇನೋ.

ಇತ್ತೀಚೆಗೆ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲಿನಷ್ಟು. ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೆ ಆರೇಳು ಕಿಲೋಮೀಟರು ಕಳೆಯಬೇಕು. ದೊಡ್ಡ ಟ್ಯಾಂಕಿನವರಿಗೆ ಇದು ಗೊತ್ತೇ ಆಗದು. ನನಗೆ ಅದು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಯ ದೂರ. ಆದರೂ ದೂರಲು ನಾಲಗೆ ಏಳುವುದಿಲ್ಲ. ಎಥನಾಲನ್ನು ತೆಗೆಯುವುದು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಧಾನ್ಯಗಳಿಂದ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಕಬ್ಬನ್ನೇ ನಚ್ಚಿದ ಜಿಲ್ಲೆ ನಮ್ಮದು. ಗದ್ದೆಯಲ್ಲಿ ನಿಂತ ಕಬ್ಬಿನ ಪಕ್ಕದಲ್ಲಿ ಹಾದುಹೋಗುವಾಗ, ಅದರ ಬಂಧುವೊಂದು ನನ್ನ ಟ್ಯಾಂಕಿನಲ್ಲೂ ಇದೆಯೆಂದು ನೆನಪಾಗುತ್ತದೆ.

ಇನ್ನು ಹೇಳಲೇಬೇಕಾದ ಒಂದು ಸಂಜೆಯ ಮಾತು. ಅಂದು ನಾನು ಅಕ್ಕಿಹೆಬ್ಬಾಳನ್ನು ನೋಡಿಕೊಂಡು ಕಿಕ್ಕೇರಿಗೆ ಬಂದಿದ್ದೆ. ಮೀಟರಿನಲ್ಲಿ 80 ದಾಟಿತ್ತು. ಮರಳುವಾಗ ಪೇಟೆಯಲ್ಲಿ ತುಂಬಿಸುವುದೆಂದು ಎಂದಿನಂತೆ ಗೊತ್ತು ಮಾಡಿಕೊಂಡಿದ್ದೆ. ಆ ಹೊತ್ತಿಗೆ ನಾಗಮಂಗಲದ ಕಡೆಯಿಂದ ಫೋನು ಬಂತು. ಕೆಲವು ತಿಂಗಳಿಂದ ಹಾಸಿಗೆ ಹಿಡಿದಿದ್ದ ಗೆಳೆಯರಿಗೆ ಉಸಿರು ಕಟ್ಟುತ್ತಿದೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದರು. ಕೂಡಲೆ ಹೊರಟೆ. ದಾರಿಯ ಮೊದಲ ಬಂಕಿನಲ್ಲಿ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುತ್ತಿತ್ತು. ಎರಡನೆಯದರಲ್ಲಿ ಕರೆಂಟು ಹೋಗಿ, ಜನರೇಟರೂ ಕೆಟ್ಟು, ಜನ ಸಾಲಾಗಿ ನಿಂತಿದ್ದರು. ಯಾವಾಗ ಬಂದೀತೆಂದು ಹೇಳುವವರಿಲ್ಲ. ಉಳಿದ ಪೆಟ್ರೋಲು ನಾಗಮಂಗಲಕ್ಕೆ ಸಾಲುವಷ್ಟಿತ್ತು. ಆದರೆ ನಡುವೆ ಮೋರಿಯ ಕೆಲಸಕ್ಕೆಂದು ರಸ್ತೆ ಕಡಿದು, ವಾಹನಗಳನ್ನು ಹಳ್ಳಿಗಳ ಮೇಲೆ ಸುತ್ತುಹಾಕಿಸುತ್ತಿದ್ದರು. ಮಳೆ ಹನಿಯುತ್ತಿತ್ತು. ಕೆಸರಿನಲ್ಲಿ ಒಂದು, ಎರಡನೆಯ ಗೇರುಗಳಲ್ಲಿ ಬಹುದೂರ ಎಳೆದು, ಕತ್ತಲಾಗುವ ಹೊತ್ತಿಗೆ ಒಂದು ಕೆರೆಯ ಏರಿಯ ಮೇಲೆ ಬಂಡಿ ನಿಂತಿತು. 250 ಕಿಲೋಗ್ರಾಮಿನ ಬಂಡಿಯನ್ನು ಈ ವಯಸ್ಸಿನವನು ತಳ್ಳಿಕೊಂಡು ಹೋಗುವುದು ಆಗದ ಮಾತು.

ಎಷ್ಟೋ ಹೊತ್ತಿನ ಮೇಲೆ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ಡೊಂದು ಬಂತು. ಸವಾರ ನಡುವಯಸ್ಸಿನ ರೈತ. “ಏನ್ ಸಾ, ಗಾಡಿ ಕೆಟ್ಟೋಯ್ತಾ?” ಎಂದು ಕೇಳಿದ. ಸಂಗತಿ ಹೇಳಿದೆ. ನಿಮ್ಮದು ಎಣ್ಣೆ ಬೆರೆಸುವ ಗಾಡಿಯೇ ಎಂದು ವಿಚಾರಿಸಿದೆ. “ಇಲ್ಲ ಸಾ, ಹೊಸ್ದು, ಎಣ್ಣೆ ಆಕಂಗಿಲ್ಲ” ಎಂದವನೆ ಹುಲ್ಲನ್ನು ಕೆಳಗಿಳಿಸಿ, ಪೈಪು ಬಿಚ್ಚಿ, ನನ್ನ ನೀರಿನ ಬಾಟಲಿಯನ್ನು ಒರೆಸಿಕೊಂಡು ಒಂದು ಲೀಟರಿನಷ್ಟು ಪೆಟ್ರೋಲು ಇಳಿಸಿಕೊಟ್ಟ. ಅವನ ಟ್ಯಾಂಕು ನನ್ನದಕ್ಕಿಂತಲೂ ಚಿಕ್ಕದು. ಅದರಲ್ಲಿ ಉಳಿದದ್ದು ಮನೆ ಮುಟ್ಟುವಷ್ಟು ಮಾತ್ರ. ಹಣ ಕೊಡಹೋದರೆ ಕೈ ಹಿಂದಕ್ಕೆ ತೆಗೆದುಕೊಂಡ. “ಬುಡಿ ಸಾ, ನಾಳೆ ನಮ್ದೂ ಎಲ್ಲಾದ್ರೂ ನಿಂತೋಯ್ತದೆ. ಆಗ ನೀವೇ ಬರಬೇಕಂತೇನಿಲ್ಲ, ಯಾರೋ ಒಬ್ರು ಬತ್ತಾರೆ” ಎಂದ. ಏರಿಯ ಕೆಳಗೆ ಆ ವರ್ಷದ ನೀರು ಕೋಡಿಯ ಮಟ್ಟಕ್ಕೆ ಬಂದಿತ್ತು.

ನಾನು ಗೆಳೆಯರ ಮನೆ ಮುಟ್ಟಿದಾಗ ಒಂಬತ್ತು ಗಂಟೆ. ಅವರ ಹೆಂಡತಿ ಬಾಗಿಲಲ್ಲೇ, “ಏಳೂವರೆವರೆಗೂ ಮಾತಾಡ್ತಿದ್ರು ಮೇಷ್ಟ್ರೆ. ಬರ್ತಾನೆ ಬಿಡಿ, ಅವನ ಗಾಡಿ ಟ್ಯಾಂಕು ಚಿಕ್ಕದು, ನಡುವೆ ನಿಲ್ಲಿಸ್ತಾನೆ ಅಂದ್ರು” ಎಂದರು. ಒಳಗೆ ಅವರಿಗೆ ಮಂಪರು ಕವಿದಿತ್ತು. ಕೈ ಹಿಡಿದುಕೊಂಡಾಗ ಒಮ್ಮೆ ಕಣ್ಣು ತೆರೆದರು, ಬೆರಳುಗಳನ್ನು ಒತ್ತಿದರು. ಮಾತು ಬರಲಿಲ್ಲ. ಬೆಳಗಿನವರೆಗೆ ಪಕ್ಕದಲ್ಲಿ ಕುಳಿತಿದ್ದೆ. ಮರುದಿನ ಮಧ್ಯಾಹ್ನ ಅವರು ಹೋದರು.

ಮಿತಿಯನ್ನು ಹೊಗಳುವವರು ಅದರ ಬೆಲೆಯನ್ನೂ ಹೇಳಬೇಕು. ಟ್ಯಾಂಕು ದೊಡ್ಡದಿದ್ದರೆ ನಾನು ಏಳೂವರೆಗೆ ಮೊದಲು ಅಲ್ಲಿರುತ್ತಿದ್ದೆ. ಆ ಒಂದೂವರೆ ಗಂಟೆಯ ಮಾತು ಇನ್ನು ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ, ಚಿಕ್ಕ ಟ್ಯಾಂಕು ನಮ್ಮನ್ನು ತಾಳ್ಮೆಯುಳ್ಳವರನ್ನಾಗಿ ಮಾಡುತ್ತದೆ, ಲೋಕವನ್ನು ನಿಧಾನವಾಗಿ ಕಾಣಿಸುತ್ತದೆ ಎಂದಷ್ಟೇ ಹೇಳಿ ನಾನು ಸುಮ್ಮನಾಗಲಾರೆ. ಅದು ನಿಜ, ಆದರೆ ಅರ್ಧ ನಿಜ. ಆ ರೈತ ಬಾರದಿದ್ದರೆ ಆ ಕೈ ಒತ್ತಿದ್ದೂ ನನ್ನ ಪಾಲಿಗೆ ಇರುತ್ತಿರಲಿಲ್ಲ ಎಂಬುದು ಇನ್ನರ್ಧ. ಚಿಕ್ಕ ಪಾತ್ರೆ ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಅದರ ಮೇಲೆ ಕೆಳಗೆ ಬೇರೆ ಪಾತ್ರೆಗಳಿದ್ದರೆ ಅದು ಸಾಕಾಗುತ್ತದೆ, ಇಲ್ಲದಿದ್ದರೆ ಸಾಲದು. ನಾಗಮಂಗಲದ ಕೆರೆಗಳಿಗೆ ಈ ಮಾತು ಗೊತ್ತಿತ್ತು. ನಡುವಿನ ಒಂದು ಕೆರೆ ಒಡೆದರೆ, ಹೂಳು ತುಂಬಿದರೆ, ಒತ್ತುವರಿಯಾದರೆ, ಕೆಳಗಿನ ಸಾಲೆಲ್ಲ ಬಡವಾಗುತ್ತದೆ.

ಹೊಸ ಹೆದ್ದಾರಿಗಳು ಬೇರೊಂದು ನಂಬಿಕೆಯ ಮೇಲೆ ನಿಂತಿವೆ. ನಮ್ಮ ಮನೆಯ ಸಮೀಪದಲ್ಲೇ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಪಕ್ಕದ ರಸ್ತೆಯಲ್ಲಿ ಹೋಗಬೇಕು. ಅಪಘಾತಗಳನ್ನು ನೆನೆದರೆ ಅದು ಸರಿಯಾದ ಕ್ರಮವೇ. ನನಗೆ ಅದರಿಂದ ನಷ್ಟವೂ ಇಲ್ಲ. ಮುಖ್ಯ ಪಥದವರು ಊರುಗಳನ್ನು ಬಳಸಿಕೊಂಡು ಹೋಗುತ್ತಾರೆ. ಬಂಕು, ಹೋಟೆಲು, ಪಂಕ್ಚರ್ ಅಂಗಡಿಗಳು ಉಳಿದಿರುವುದು ಪಕ್ಕದ ರಸ್ತೆಯಲ್ಲಿ. ಈಗ ವಿದ್ಯುತ್ ಸ್ಕೂಟರು ಕೊಂಡ ತರುಣರು ನೂರು ಕಿಲೋಮೀಟರಿಗೆ ಮುನ್ನ ಎಲ್ಲಿ ಚಾರ್ಜು ಸಿಕ್ಕೀತೆಂದು ನನ್ನ ಹಾಗೆಯೇ ಬೆರಳು ಮಡಿಸಿ ಎಣಿಸುವುದನ್ನು ಕಾಣುತ್ತೇನೆ. ಗಾವುದದ ಲೆಕ್ಕ ಹಳತಾಯಿತೆಂದುಕೊಂಡಿದ್ದೆವು. ಅದು ಬೇರೆ ಹೆಸರಿನಲ್ಲಿ ಮರಳಿದೆ. ಅವರಿಗೂ ಹಾದಿಯಲ್ಲಿ ಊರು ಬೇಕು, ಊರಿನಲ್ಲಿ ಬಾಗಿಲು ತೆರೆಯುವವರು ಬೇಕು.

ಆ ಸಂಜೆಯ ಬಳಿಕ ಮಗಳು, “ಸಾಕು ಅಪ್ಪ, ಅದನ್ನು ಮಾರಿಬಿಡಿ, ಕಾರಿನಲ್ಲಿ ಓಡಾಡಿ” ಎಂದು ಹಟ ಹಿಡಿದಿದ್ದಾಳೆ. ಅವಳ ಮಾತಿನಲ್ಲಿ ಪ್ರೀತಿಯಿದೆ, ನ್ಯಾಯವೂ ಇದೆ. ಬಂಡಿಯನ್ನು ನಿಲ್ಲಿಸಿ, ಸ್ಟ್ಯಾಂಡಿನಿಂದ ಎತ್ತಿ, ತಿರುಗಿಸಲು ಮೊಣಕಾಲು ಒಪ್ಪುವವರೆಗೆ ಎಂದು ನಾನು ಒಂದು ಗಡಿ ಹೇಳಿದ್ದೇನೆ. ಅದು ಹೆಚ್ಚು ದೂರವಿಲ್ಲವೆಂಬುದೂ ನನಗೆ ಗೊತ್ತು. ಅಷ್ಟರವರೆಗೆ ತಿಂಗಳಿಗೊಮ್ಮೆ ಸುತ್ತು ನಡೆಯುತ್ತದೆ. ಗೆಳೆಯರಿಲ್ಲದಿದ್ದರೂ ನಾಗಮಂಗಲದ ಆಚೆಯ ಆ ಮನೆಯಲ್ಲಿ ಅವರ ಹೆಂಡತಿಯಿದ್ದಾರೆ. ಹೋದಾಗ ಒಂದು ಲೋಟ ಮಜ್ಜಿಗೆ ಕೊಟ್ಟು, ಅವರ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾರೆ. ಪುಸ್ತಕಗಳ ಪಟ್ಟಿ ಮಾಡಿಕೊಡುತ್ತಿದ್ದೇನೆ. ಇನ್ನೂ ಎರಡು ಕಪಾಟುಗಳು ಉಳಿದಿವೆ.

ಈಗ ಮನೆಯಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಒಂದು ಮೊಳ ಉದ್ದದ ಸ್ವಚ್ಛವಾದ ರಬ್ಬರ್ ಕೊಳವೆ ಇಟ್ಟುಕೊಳ್ಳುತ್ತೇನೆ. ಕೇಳಿದವರು ಅದು ಪೆಟ್ರೋಲು ಪಡೆಯುವುದಕ್ಕೆಂದು ತಿಳಿಯುತ್ತಾರೆ. ಈವರೆಗೆ ಅದು ಕೆಲಸಕ್ಕೆ ಬಂದದ್ದು ಎರಡು ಸಲ, ಎರಡೂ ಸಲ ಕೊಡುವುದಕ್ಕೆ.